ಜಾರುವ ಕಾಲು

ದಸರಾ ರಜೆಗೆ ಅಕ್ಕನ ಮಗ ನಮ್ಮೂರು ಚಿಕ್ಕಯ್ಯನಛತ್ರಕ್ಕೆ ಬಂದನೆಂದರೆ ನಮ್ಮ ಮನೆ ಜಗುಲಿ ಅವನದೇ. ಬೆನ್ನು ಕಂಬಕ್ಕೆ, ಕಣ್ಣು ಮೊಬೈಲಿಗೆ. ಒಳಗೆ ಬ್ರಾಲ್‌ಹಲ್ಲಾ ನಡೆದಿರುತ್ತದೆ. ಆಕಾಶದಲ್ಲಿ ತೇಲುವ ಒಂದು ಕಟ್ಟೆ, ಅದರ ಮೇಲೆ ಹೊಡೆದಾಡುವ ಜನ. ಹೊಡೆತ ತಿಂದು ಆಚೆಗೆ ಹಾರಿಹೋದವನ ಕಥೆ ಮುಗಿಯಿತು. ಹುಡುಗನ ಎರಡು ಹೆಬ್ಬೆರಳು ಆಡುವ ವೇಗ ನೋಡಿ, "ನಿನ್ನೋನು ಎಷ್ಟು ಚೆನ್ನಾಗಿ ಓಡ್ತಾನೋ!" ಅಂದೆ. ಅವನು ತಲೆಯೆತ್ತದೆ ಹೇಳಿದ: "ಇದೇನು ಮಹಾ ಮಾವ? ಹಳೇ ಆಟದಲ್ಲಿ ಚೆನ್ನಾಗಿ ಆಡೋರು ಓಡ್ತಾನೇ ಇರಲಿಲ್ಲ, ಜಾರ್ತಿದ್ರು."

ಹಳೇ ಆಟವೆಂದರೆ 2001ರಲ್ಲಿ ಜಪಾನಿನ ನಿಂಟೆಂಡೊ ತಂದ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ'. ಹುಡುಗ ಹುಟ್ಟುವ ಮೊದಲಿನದು. ಆದರೂ ಅಜ್ಜನ ಕಾಲದ ಜಾತ್ರೆ ನೆನೆಸಿಕೊಳ್ಳುವವರ ಭಕ್ತಿಯಿಂದ ಒಂದು ವಿಡಿಯೋ ತೋರಿಸಿದ. ಆ ಜಾರುವಿಕೆಯ ಹೆಸರು ವೇವ್‌ಡ್ಯಾಶ್. ಹಾರಲು ಮಂಡಿ ಬಗ್ಗಿಸಿ, ಕಾಲು ನೆಲ ಬಿಡುವಷ್ಟರಲ್ಲೇ, ದಿಕ್ಕಿನ ಕಡ್ಡಿಯನ್ನು ಓರೆಯಾಗಿ ಕೆಳಮುಖಕ್ಕೆ ತಳ್ಳಿ, ಗಾಳಿಯಲ್ಲಿ ಏಟು ತಪ್ಪಿಸಿಕೊಳ್ಳುವ ಗುಂಡಿಯನ್ನು ಒತ್ತಬೇಕು. ಮೇಲಕ್ಕೆ ಹೋಗಬೇಕಾದವನು ನೆಲಕ್ಕೆ ಬಡಿಯುತ್ತಾನೆ. ಉಳಿದ ರಭಸ ಎಲ್ಲಿಗೆ ಹೋಗಬೇಕು? ಅವನನ್ನೇ ನೆಲದುದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಆ ಆಟದಲ್ಲಿ ಸೆಕೆಂಡಿಗೆ 60 ಚಿತ್ರ. ನೆಲಕ್ಕೆ ಬಡಿದವನು 10 ಚಿತ್ರಗಳ ಹೊತ್ತು ಮಂಕಾಗಿರುತ್ತಾನೆ, ಆಮೇಲೆ ಜಾರುತ್ತಲೇ ಗುದ್ದಬಹುದು. ಮುಖ ಶತ್ರುವಿನ ಕಡೆಗೇ ಇಟ್ಟುಕೊಂಡು ಹಿಂದಕ್ಕೂ ಜಾರಬಹುದು. ಎಲ್ಲರಿಗಿಂತ ದೂರ ಜಾರುವವನು ಲುಯಿಜಿ ಎಂಬ ಹಸಿರಂಗಿಯ ಮೀಸೆಯವನು. ಅವನ ಕಾಲಿಗೆ ನೆಲದ ಹಿಡಿತವೇ ಕಡಿಮೆ, ಎಣ್ಣೆ ಚೆಲ್ಲಿದ ಅಡಿಗೆಮನೆಗೆ ಕಾಲಿಟ್ಟವನ ಹಾಗೆ. ದೋಷವೇ ಅವನ ಬಂಡವಾಳ.

ಇದು ಆಟದ ಪುಸ್ತಕ ಹೇಳಿಕೊಟ್ಟ ವಿದ್ಯೆಯಲ್ಲ. ಆಡುತ್ತ ಆಡುತ್ತ ಆಟಗಾರರು ಕಂಡುಕೊಂಡದ್ದು. ಆಟ ರೂಪಿಸಿದ ಮಸಾಹಿರೊ ಸಕುರಾಯ್, ಸಿದ್ಧತೆಯ ಹಂತದಲ್ಲೇ ತಮ್ಮ ಗಮನಕ್ಕೆ ಇದು ಬಂದಿತ್ತೆಂದು ಆಮೇಲೆ ಹೇಳಿದರು. ಹೊಸಬರಿಗೆ ಆಟ ಸುಲಭವಾಗಲೆಂದು ಅದೇ ಸರಣಿಯ ಮುಂದಿನ ಆಟವಾದ 2008ರ 'ಬ್ರಾಲ್'ನಲ್ಲಿ ಆ ಜಾರುವಿಕೆ ಹೋಯಿತು. ಸಾಲದ್ದಕ್ಕೆ, ಓಡಹೊರಟವನು ಒಮ್ಮೊಮ್ಮೆ ಕಾರಣವಿಲ್ಲದೆ ಎಡವಿ ಬೀಳುವಂತೆಯೂ ಮಾಡಿದರು. ನನ್ನ ಶಾಲೆಯ ದಿನಗಳ ಸುದ್ದಿಯನ್ನು ಯಾರೋ ಜಪಾನಿಗೆ ಮುಟ್ಟಿಸಿರಬೇಕು.

ಯಾಕೆಂದರೆ ನಾನೂ ಜಾರಿದವನೇ, ಖೋಖೋ ಅಂಕಣದಲ್ಲಿ. 27 ಮೀಟರ್ ಉದ್ದ, 16 ಮೀಟರ್ ಅಗಲ, ಎರಡು ಕೊನೆಗೆ ಎರಡು ಕಂಬ, ನಡುವೆ ಒಬ್ಬ ಆ ಕಡೆ ಒಬ್ಬ ಈ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತ ಎಂಟು ಜನ. ಖೋ ಸಿಕ್ಕಿ ಎದ್ದವನು ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ಹಿಂತಿರುಗುವಂತಿಲ್ಲ, ಕೂತವರ ಸಾಲನ್ನು ಅಡ್ಡ ದಾಟುವಂತಿಲ್ಲ. ಓಡುವವನಿಗೆ ಎರಡಕ್ಕೂ ಅಪ್ಪಣೆಯಿದೆ. ಹಾಗಾಗಿ ಜಾಣ ಓಟಗಾರ ದೂರ ಓಡಿಹೋಗುವುದಿಲ್ಲ. ಅಟ್ಟಿಸಿಕೊಂಡು ಬರುವವನು ಪೂರ್ತಿ ರಭಸಕ್ಕೆ ಬರಲೆಂದು ಕಾದು, ಕೈ ಬೆನ್ನಿಗೆ ತಾಗುವಷ್ಟರಲ್ಲಿ ಸಾಲಿನ ಸಂದಿಯಲ್ಲಿ ನುಸುಳುತ್ತಾನೆ. ಬೆನ್ನಟ್ಟಿದವನನ್ನು ಅವನ ಬಿರುಸೇ ಮುಂದಕ್ಕೆ ಒಯ್ಯುತ್ತದೆ. ಈ ಆಟಕ್ಕೆ ಪುಣೆಯ ಡೆಕ್ಕನ್ ಜಿಮ್ಖಾನಾದವರು 1914ರಲ್ಲಿ ನಿಯಮ ಬರೆಯಹೊರಟಾಗ ಈ ನುಸುಳುವಿಕೆಗೆ ಎಷ್ಟು ಬೆಲೆ ಕಟ್ಟಿದ್ದರೋ!

"ಕಾಲಲ್ಲಿ ಓಡಬೇಡ ಕಣೋ, ಸೊಂಟದಲ್ಲಿ ಓಡು" ಎಂದು ನಮ್ಮ ಪೀಟಿ ಮೇಷ್ಟ್ರು ಬಡಕೊಳ್ಳುತ್ತಿದ್ದರು. ಸೊಂಟ ತಗ್ಗಿಸಿದರೆ ತಿರುವಿನಲ್ಲಿ ಕಾಲು ನೆಲ ಕಚ್ಚುತ್ತದೆ. ನಾನು ತಲೆಯಾಡಿಸಿ, ಪಂದ್ಯದ ದಿನ ನೆಟ್ಟಗೆ ನಿಂತೇ ತಿರುಗಿದೆ. ಸುಣ್ಣದ ಗೆರೆಯ ಪಕ್ಕದ ಸಣ್ಣ ಜಲ್ಲಿ ಸರಕ್ಕೆಂದಿತು. ಕೂತಿದ್ದವನ ತೊಡೆಯ ಮೇಲೆ ಹೋಗಿ ಬಿದ್ದೆ, ಚಡ್ಡಿ ಹರಿಯಿತು. ಎದ್ದು ನೋಡಿದರೆ ಎರಡನೆಯ ಖೋಗೇ ಔಟು. ಮನೆಯಲ್ಲಿ ಅಜ್ಜಿ ಮಂಡಿಗೆ ಅರಿಶಿನ ಮೆತ್ತಿ, "ಯಾವ ದಂಡು ಅಟ್ಟಿಸ್ಕೊಂಡು ಬಂದಿತ್ತೋ ನಿನ್ನ?" ಅಂದಳು.

ಜಾರುವುದನ್ನೂ ನುಸುಳುವುದನ್ನೂ ಬಲ್ಲವರು ನೆರೆಯ ತಿ. ನರಸೀಪುರ ತಾಲ್ಲೂಕಿನಲ್ಲಿದ್ದಾರೆ. ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿದ್ದರು. ನೇಪಾಳದ ಎದುರು ಫೈನಲ್‌ನ ಕೊನೆಯ ಸರದಿಯಲ್ಲಿ ಅವರಿದ್ದ ಬ್ಯಾಚು 5 ನಿಮಿಷ 14 ಸೆಕೆಂಡು ಕೈಗೆ ಸಿಗಲಿಲ್ಲ. ಅದರಿಂದಲೇ ಭಾರತದ 73 ಇದ್ದ ಅಂಕ 78 ಆಯಿತು, ನೇಪಾಳ 40ಕ್ಕೆ ನಿಂತಿತು. ಹುಡುಗನಿಗೆ ಇದನ್ನು ಹೇಳಿದೆ. "ಐದು ನಿಮಿಷಾನಾ? ಅಷ್ಟರಲ್ಲಿ ನಂದು ಒಂದು ಮ್ಯಾಚೇ ಮುಗಿಯುತ್ತೆ" ಅಂದ. "ಹಾಗಾದ್ರೆ ನಡಿ" ಅಂದೆ.

ಸಂಜೆ ಶಾಲೆ ಬಯಲಲ್ಲಿ ಊರ ಹೆಣ್ಣುಮಕ್ಕಳು ಖೋಖೋ ಆಡುತ್ತಿದ್ದರು. ಇವನನ್ನೂ ಸೇರಿಸಿಕೊಂಡರು. ಚಪ್ಪಲಿ ಬಿಟ್ಟು, ಮೊಬೈಲು ನನ್ನ ಕೈಗೆ ಕೊಟ್ಟು ಇಳಿದ. ಮೊದಲ ಖೋಗೆ ತಪ್ಪಿಸಿಕೊಂಡ, ಎರಡನೆಯದಕ್ಕೂ. ಮೂರನೆಯ ಖೋಗೆ ಎದ್ದ ಎರಡು ಜಡೆಯ ಹುಡುಗಿ ಬೆನ್ನಿಗೆ ಬಡಿದಳು. ಧೂಳು ಕೊಡವಿಕೊಂಡು ಬಂದ.

ನನಗಿಂತ ಒಂದು ಖೋ ಹೆಚ್ಚು.