ಒಣಹುಲ್ಲು ಹುಡುಕಿದ ಕಥೆ

(ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ಬರಹ)

ಗಿನಿಪಿಗ್ ಎಂಬ ಪ್ರಾಣಿಯನ್ನು ತಾವೆಲ್ಲರೂ ಚಿತ್ರದಲ್ಲಾದರೂ ನೋಡಿರಬಹುದು. ಹೆಸರಿನಲ್ಲಿ ‘ಗಿನಿ’ ಇದ್ದರೂ ಅದು ಆಫ್ರಿಕದ ಗಿನಿ ದೇಶದ್ದಲ್ಲ. ‘ಪಿಗ್’ ಇದ್ದರೂ ಹಂದಿಯಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನರು ಸಾವಿರಾರು ವರ್ಷಗಳ ಹಿಂದೆಯೇ ಸಾಕತೊಡಗಿದ, ಮೊಲದಂತೆ ಹುಲ್ಲು ತಿಂದು ಬದುಕುವ ಸಾಧುಪ್ರಾಣಿ ಅದು. ನಮ್ಮ ಅಜ್ಜಿ ಮಾತ್ರ ಇಂದಿಗೂ ‘ಬಾಲ ಇಲ್ಲದ ಹೆಗ್ಗಣ’ ಎಂದೇ ಕರೆಯುವುದು. ಸೋದರಮಾವ ನನ್ನ ತಂಗಿಗೆ ಎರಡು ಮರಿಗಳನ್ನು ತಂದುಕೊಟ್ಟಾಗ ನೆಂಟರೊಬ್ಬರು, “ಸಾಕಲು ಕಷ್ಟವೇನು? ಕಾಸರಗೋಡಿನಲ್ಲಿ ಹುಲ್ಲಿಗೆ ಬರವೇ?” ಎಂದು ನಕ್ಕರು.

ಬರವಿದೆ. ಹಸಿಹುಲ್ಲಿಗಲ್ಲ, ಒಳ್ಳೆಯ ಒಣಹುಲ್ಲಿಗೆ.

ಕಳೆದ ಆಟಿ ತಿಂಗಳಲ್ಲಿ ಕಂದು ಬಣ್ಣದ ಮರಿ ಇದ್ದಕ್ಕಿದ್ದಂತೆ ಮೇವು ಮುಟ್ಟದೆ ಮೂಲೆಯಲ್ಲಿ ಮುದುಡಿ ಕುಳಿತಿತು. ತಂಗಿ ಅಂದು ಊಟ ಮಾಡಲಿಲ್ಲ. ಪಶುವೈದ್ಯರು ಬಾಯಿ ತೆರೆದು ನೋಡಿ, ದವಡೆಹಲ್ಲು ಬೆಳೆದು ನಾಲಿಗೆಗೆ ಚುಚ್ಚುತ್ತಿದೆಯೆಂದರು. ಈ ಪ್ರಾಣಿಯ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ದಿನವಿಡೀ ಅಗಿದಾಗ ಮಾತ್ರ ಅವು ಸವೆಯುತ್ತವೆ. ಕರುಳು ಕೆಲಸ ಮಾಡುವುದಕ್ಕೂ ಆ ನಾರೇ ಬೇಕು. ಹೊಟ್ಟೆ ಒಂದು ದಿನ ಖಾಲಿ ಇದ್ದರೂ ಜೀವಕ್ಕೆ ಅಪಾಯ. (ಮನುಷ್ಯರಂತೆ ಇವಕ್ಕೂ ‘ಸಿ’ ಜೀವಸತ್ತ್ವ ಹೊರಗಿನಿಂದಲೇ ಸಿಗಬೇಕು. ಅದಕ್ಕೆ ಹಿತ್ತಲಿನ ಪೇರಳೆ ಇದೆ.) ಹಲ್ಲನ್ನು ತರಿದುಕೊಟ್ಟು ವೈದ್ಯರು ಹೇಳಿದ್ದಿಷ್ಟು: “ಒಣಹುಲ್ಲು ಸಿಗದಿದ್ದರೆ ಮತ್ತೆ ಇಲ್ಲಿಗೇ ಬರುತ್ತೀರಿ.”

ಹುಡುಕಾಟ ಆರಂಭವಾಯಿತು. ಪೇಟೆಯ ಅಂಗಡಿಯೊಂದರಿಂದ ಘಟ್ಟದ ಮೇಲಿನ ಬೈಹುಲ್ಲು ತಂದೆವು. ಹೊರಗೆ ಹೊಂಬಣ್ಣ, ಕಟ್ಟು ಬಿಚ್ಚಿದರೆ ಒಳಗೆಲ್ಲ ಬೂಷ್ಟು. ಧೂಳಿಗೆ ಅಪ್ಪನೇ ನಾಲ್ಕು ಬಾರಿ ಸೀನಿದರು. ಅದು ನೇರವಾಗಿ ಗೊಬ್ಬರದ ಗುಂಡಿಗೆ ಹೋಯಿತು. ಚೆನ್ನಾಗಿದ್ದರೂ ಬೈಹುಲ್ಲಿನಲ್ಲಿ ಸತ್ತ್ವ ಕಡಿಮೆ, ಏಕೆಂದರೆ ಅದು ಭತ್ತಕ್ಕೆ ತನ್ನದೆಲ್ಲವನ್ನೂ ಕೊಟ್ಟು ಉಳಿದ ಕಡ್ಡಿ. ಪೊಟ್ಟಣದಲ್ಲಿ ಬರುವ ವಿದೇಶದ ತಿಮೋಥಿ ಹುಲ್ಲು ಅಂಚೆಯಲ್ಲಿ ತರಿಸಬಹುದಂತೆ. ಬೆಲೆ ಕೇಳಿ ಅಪ್ಪ, “ಇದಕ್ಕಿಂತ ನಾವೇ ಹುಲ್ಲು ತಿನ್ನುವುದು ಲೇಸು” ಎಂದರು.

ನಮ್ಮ ಗದ್ದೆ ನಾನು ಹುಟ್ಟುವ ಮೊದಲೇ ಅಡಿಕೆ ತೋಟವಾಗಿತ್ತು. ತೋಟದಲ್ಲಿ ಹುಲ್ಲೇನೋ ಮೊಣಕಾಲೆತ್ತರ ಬೆಳೆಯುತ್ತದೆ. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು ಬಿಡುತ್ತಾರೆ. ಆ ತಾಮ್ರದ ನೀರು ಮರದಿಂದ ಕೆಳಗಿನ ಹುಲ್ಲಿಗೆ ತೊಟ್ಟಿಕ್ಕುತ್ತದೆ. ಅದನ್ನು ಕೊಯ್ಯುವಂತಿಲ್ಲ.

ಉಳಿದದ್ದು ಗುಡ್ಡೆಯ ಹುಲ್ಲು. ಇಲ್ಲಿ ಅಜ್ಜಿಯ ಮಾತು ಒದಗಿತು. ಹಟ್ಟಿಯಲ್ಲಿ ಏಳೆಂಟು ಗಿಡ್ಡ ದನಗಳಿದ್ದ ಕಾಲವನ್ನು ಕಂಡವರು ಅವರು. “ತೆನೆ ಬಿಡುವ ಮೊದಲು ಕೊಯ್ಯಬೇಕು ಮಗಾ. ತೆನೆ ಬಂದು ಕೆಂಪಾದ ಮುಳಿಹುಲ್ಲು ಮಾಡಿಗೆ ಹೊದೆಸಲಿಕ್ಕೆ ಆದೀತು, ತಿನ್ನಲಿಕ್ಕಲ್ಲ” ಎಂದರು. ನಮ್ಮೂರಿನ ಪೇಚು ಇದೇ ನೋಡಿ: ಹುಲ್ಲು ಎಳೆಯದಾಗಿರುವಾಗ ಬಿಸಿಲಿಲ್ಲ, ಬಿಸಿಲು ಬರುವ ಹೊತ್ತಿಗೆ ಹುಲ್ಲು ಎಳೆಯದಲ್ಲ! ನಡುವೆ ಸಿಗುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ಕೆಲವೇ ದಿನಗಳು. ಆಗಲೂ ಮಧ್ಯಾಹ್ನ ಕಳೆದರೆ ಗುಡುಗು, ಮಳೆ.

ನೆರೆಮನೆಯ ಏಟ್ಟನ್ ತಮ್ಮ ಗುಡ್ಡೆಯಲ್ಲಿ ಕೊಯ್ಯಲು ಒಪ್ಪಿದರು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ನಾನೂ ಅಪ್ಪನೂ ಕತ್ತಿ ಹಿಡಿದು ಹೋದೆವು. ಸೂಡಿ ಕಟ್ಟಿ ತಂದ ಹುಲ್ಲಿನಿಂದ ನಾಚಿಕೆಮುಳ್ಳು ಹೆಕ್ಕುವ ಕೆಲಸ ತಂಗಿಯದು. ಅವಳ ಬೆರಳುಗಳನ್ನು ನೋಡಿದರೆ ಕನಿಕರವಾಗುತ್ತಿತ್ತು. ಅಡಿಕೆ ಒಣಗಿಸಲು ಅಂಗಳದಲ್ಲಿ ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯ ಗೂಡು ಆಗ ಖಾಲಿಯಿತ್ತು. ಅದರೊಳಗೆ ತೆಳ್ಳಗೆ ಹರಡಿ, ಎರಡೂ ಬದಿ ತೆರೆದಿಟ್ಟು, ದಿನಕ್ಕೆ ಮೂರು ಬಾರಿ ಮಗುಚಿದೆವು. ಮೂರನೆಯ ದಿನ ಅಜ್ಜಿ ಒಂದು ಹಿಡಿ ಹುಲ್ಲನ್ನು ತಿರುಚಿ ನೋಡಿದರು. ಕಡ್ಡಿ ಬಳುಕದೆ ಚಟ್ಟೆಂದು ಮುರಿಯಿತು. ಮೂಗಿಗೆ ಹಿಡಿದರೆ ಚಹಾಪುಡಿಯಂಥ ಪರಿಮಳ, ಬಣ್ಣ ಇನ್ನೂ ಹಸುರು. ಹಸಿ ಉಳಿದ ಹುಲ್ಲನ್ನು ಒತ್ತಿ ತುಂಬಿದರೆ ಒಳಗೇ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ದೊಡ್ಡ ರಾಶಿಯಾದರೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು.

ಇನ್ನು ಲೆಕ್ಕ. ತೂಗಿ ನೋಡಿದರೆ ಎರಡೂ ಸೇರಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಿಗೆ ಹದಿಮೂರೂವರೆ ಕಿಲೋ ಬೇಕು. ನಾಲ್ಕು ಕಿಲೋ ಹಸಿಹುಲ್ಲು ಒಣಗಿದರೆ ಒಂದು ಕಿಲೋ ಆಗುವುದರಿಂದ, ಮಳೆಗಾಲಕ್ಕೆಂದೇ 54 ಕಿಲೋ ಕೊಯ್ಯಬೇಕು! ನಾಲ್ಕು ರಜಾದಿನಗಳಲ್ಲಿ ಅದನ್ನು ಮುಗಿಸಿದೆವು. ಈಗ ಆ ಹುಲ್ಲು ಗೋಣಿಚೀಲಗಳಲ್ಲಿ, ಅಡುಗೆಮನೆಯ ಅಟ್ಟದ ಮೇಲೆ, ಹೊಗೆಯ ಬೆಚ್ಚಗಿನಲ್ಲಿದೆ. ಕಂದು ಮರಿ ಹಲ್ಲು ತೋರಿಸಲು ಮತ್ತೆ ವೈದ್ಯರಲ್ಲಿಗೆ ಹೋಗಿಲ್ಲ.

ಆದರೆ ಏಟ್ಟನ್ ಮೊನ್ನೆ ಒಂದು ಸುದ್ದಿ ಹೇಳಿದರು. ಅವರ ಗುಡ್ಡೆಯ ಅರ್ಧ ಭಾಗದಲ್ಲಿ ಬರುವ ವರ್ಷ ಮುರಕಲ್ಲಿನ ಕೋರೆಯಾಗಲಿದೆಯಂತೆ. ಆದ್ದರಿಂದ ವಾಚಕರಲ್ಲಿ ವಿನಂತಿ: ನಿಮ್ಮಲ್ಲಿ ಯಾರ ಗುಡ್ಡೆಯಲ್ಲಾದರೂ ಮದ್ದು ಬೀಳದ ಹುಲ್ಲಿದ್ದರೆ ತಿಳಿಸಿರಿ. ಕತ್ತಿ, ಹಗ್ಗ ನಾವೇ ತರುತ್ತೇವೆ.