‘ನ’ ಎಂಬ ಒಂದಕ್ಷರ

ಸಂಸ್ಕೃತದ ನಿವೃತ್ತ ಉಪಾಧ್ಯಾಯನೊಬ್ಬನು ತನ್ನ 68ನೆಯ ವಯಸ್ಸಿನಲ್ಲಿ ರಷ್ಯನ್ ಭಾಷೆಯ ಒಂದನೆಯ ಪಾಠಪುಸ್ತಕವನ್ನು ಹಿಡಿದು ಕುಳಿತನೆಂದರೆ ವಾಚಕರು ನಕ್ಕಾರು. ನಗಲಿ. ವೈದ್ಯವಿದ್ಯೆಯನ್ನು ಕಲಿಯಲೆಂದು ರಷ್ಯಾ ದೇಶಕ್ಕೆ ಹೋದ ನನ್ನ ಮಗನು ಅಲ್ಲಿಯೇ ಮದುವೆಯಾಗಿ ನೆಲೆನಿಂತನು. ಅವನ ಮಗಳಿಗೆ ಈಗ ಎಂಟು ವರುಷ. ಆ ಮಗುವಿಗೆ ಬರುವ ಕನ್ನಡವು ಅಂಗೈಯಗಲ. ಅದರ ಅಜ್ಜಿಗೆ ರಷ್ಯನ್ ಭಾಷೆಯ ಗಂಧವೇ ಇಲ್ಲ. ಇಬ್ಬರ ನಡುವೆ ದುಭಾಷಿಯಾಗಬೇಕಾದವನು ನಾನು.

ಕಳೆದ ಮಾಘಮಾಸದಲ್ಲಿ ನನ್ನ ಮನೆಯಾಕೆಯು ಜಾರಿಬಿದ್ದು ಕಾಲು ಮುರಿದುಕೊಂಡು ಮಲಗಿದ್ದಳು. ದೂರವಾಣಿಯಲ್ಲಿ ಮಾತನಾಡುತ್ತ ಮೊಮ್ಮಗಳು, ಅಜ್ಜಿಗೆ ಕಾಗದ ‘ಪಿಸಾಲಾ’ ಎಂದಳು. ‘ಪಿಸಾತ್’ ಎಂದರೆ ಬರೆಯುವುದು. ಭೂತಕಾಲ, ಸ್ತ್ರೀಲಿಂಗ, ಏಕವಚನ, ಎಲ್ಲವೂ ನನಗೆ ಗೊತ್ತಾಯಿತು. “ಮಗು ನಿನಗೆ ಕಾಗದ ಬರೆದಳಂತೆ ಕಣೇ” ಎಂದು ಠೀವಿಯಿಂದ ಹೇಳಿಬಿಟ್ಟೆನು. ಅಂದಿನಿಂದ ಐದು ವಾರ ಅವಳು ಅಂಚೆಯವನ ದನಿಗೆ ಕಿವಿಗೊಟ್ಟು ಮಲಗಿದ್ದಳು. ಕಾಗದವು ಬರಲಿಲ್ಲ. ಒಂದು ಸಂಜೆ, “ದೂರದ ಮಕ್ಕಳಿಗೆ ನಾವೇನು ನೆನಪಿರುತ್ತೇವೆ?” ಎಂದು ಗೋಡೆಯ ಕಡೆಗೆ ಹೊರಳಿದಳು.

ಸೊಸೆಯನ್ನು ವಿಚಾರಿಸಿದೆನು. ಮಗುವು ಹೇಳಿದ್ದು ‘ಪಿಸಾಲಾ’ ಎಂದೇ ಹೊರತು ‘ನಪಿಸಾಲಾ’ ಎಂದಲ್ಲವೆಂದೂ, ಅರ್ಧ ಬರೆದ ಕಾಗದವು ಮೇಜಿನ ಮೇಲೆಯೇ ಇದೆಯೆಂದೂ ಅವಳು ತಿಳಿಸಿದಳು.

ರಷ್ಯನ್ ಕ್ರಿಯಾಪದಗಳು ಸಾಮಾನ್ಯವಾಗಿ ಜೋಡಿಯಾಗಿ ಬಾಳುತ್ತವೆ. ಒಂದು, ಕೆಲಸ ನಡೆಯಿತೆಂದಷ್ಟೇ ಹೇಳುವುದು. ಮುಗಿಯಿತೇ ಇಲ್ಲವೇ ಎಂಬ ಹೊಣೆಯನ್ನು ಅದು ಹೊರುವುದಿಲ್ಲ. ಇನ್ನೊಂದು, ಕೆಲಸವು ಕೊನೆಮುಟ್ಟಿತೆಂದು ಸಾರುವುದು. ಈ ಎರಡನೆಯದು ಬಹುಮಟ್ಟಿಗೆ ಮೊದಲನೆಯದಕ್ಕೆ ಒಂದು ಉಪಸರ್ಗವನ್ನು ಹಚ್ಚಿದುದರಿಂದ ಆದುದು. ‘ನ’ ಎಂದರೆ ಮೂಲದಲ್ಲಿ ‘ಮೇಲೆ’ ಎಂದರ್ಥ. ಬೇರೆ ಉಪಸರ್ಗಗಳಾದರೋ ಅರ್ಥವನ್ನೇ ತಿರುಗಿಸುತ್ತವೆ: ‘ಪೆರೆಪಿಸಾತ್’ ಎಂದರೆ ಮತ್ತೆ ಬರೆಯುವುದು, ‘ಪೊದ್‌ಪಿಸಾತ್’ ಎಂದರೆ ಕೆಳಗೆ ಬರೆಯುವುದು, ಅಂದರೆ ರುಜು ಹಾಕುವುದು. ಆಹಾರ, ವಿಹಾರ, ಪ್ರಹಾರ, ಸಂಹಾರಗಳೆಲ್ಲ ಒಂದೇ ‘ಹೃ’ ಧಾತುವಿನವೆಂದು 30 ವರುಷ ಹುಡುಗರಿಂದ ಉರುಹೊಡೆಸಿದ ನನಗೆ ಇದು ಕಾಣದೆ ಹೋಯಿತಲ್ಲ! ಅವರ ‘ಪೆರೆ’ ನಮ್ಮ ‘ಪರಿ’ಯ ಒಡಹುಟ್ಟು, ‘ಪ್ರೊ’ ನಮ್ಮ ‘ಪ್ರ’, ‘ವೀ’ ನಮ್ಮ ‘ಉದ್’. ಯಜಮಾನನು ಮನೆಯಲ್ಲಿಲ್ಲದಾಗ ‘ವೀಶೆಲ್’ ಎಂದರೆ ತುಸು ಹೊರಗೆ ಹೋಗಿದ್ದಾನೆ, ಕುಳಿತಿರಿ; ‘ಉಶೋಲ್’ ಎಂದರೆ ಹೊರಟುಹೋದನು, ಕಾದು ಫಲವಿಲ್ಲ.

ಈ ಉಪಸರ್ಗಗಳು ಹಿಂದೆ ಸ್ವತಂತ್ರ ಪದಗಳಾಗಿದ್ದವು. ವೇದದಲ್ಲಿ ಅವು ಧಾತುವಿನಿಂದ ದೂರ ನಿಲ್ಲಬಹುದು, ಅದರ ಹಿಂದೆಯೂ ಬರಬಹುದು. ಪಾಣಿನಿಯು ಇದನ್ನು ಛಂದಸ್ಸಿಗೆ ಮಾತ್ರ ಬಿಟ್ಟುಕೊಟ್ಟು, ಉಳಿದೆಡೆ ಧಾತುವಿನ ಮುಂದೆಯೇ ನಿಲ್ಲಿಸಿದನು. ಗ್ರೀಕರ ಹೋಮರನಲ್ಲಿಯೂ ಈ ಸಡಿಲವುಂಟು. ಲಿಥುವೇನಿಯದ ಭಾಷೆಯಲ್ಲಿ ಇಂದಿಗೂ ಉಪಸರ್ಗಕ್ಕೂ ಧಾತುವಿಗೂ ನಡುವೆ, ‘ತನಗೆ ತಾನೇ’ ಎಂಬರ್ಥದ ‘ಸಿ’ ನುಸುಳುತ್ತದೆ. ಉಪಸರ್ಗಕ್ಕೆ ಸ್ವಂತ ಅರ್ಥವಿಲ್ಲವೆಂದು ಶಾಕಟಾಯನನೂ ಉಂಟೆಂದು ಗಾರ್ಗ್ಯನೂ ವಾದಿಸಿದುದನ್ನು ಯಾಸ್ಕನು ನಿರುಕ್ತದಲ್ಲಿ ಹೇಳಿದ್ದಾನೆ. ‘ನಪಿಸಾತ್’ ಪದದ ‘ನ’ ಬರಿದೋ ತುಂಬಿದುದೋ ಎಂದು ರಷ್ಯನ್ ವೈಯಾಕರಣರ ಜಗಳವೂ ಇದೇ!

ಸಂಸ್ಕೃತದಲ್ಲಿ ಉಪಸರ್ಗವು ಅರ್ಥವನ್ನು ಬದಲಿಸಿ ಸುಮ್ಮನಾಯಿತು. ಸ್ಲಾವ್ ಜನರಲ್ಲಿ ಅದು ಇನ್ನೂ ಮುಂದೆ ನಡೆಯಿತು. ಸ್ಥಳವನ್ನು ತೋರಿಸುತ್ತಿದ್ದ ಅಕ್ಷರವು ಕೆಲಸದ ಕೊನೆಯನ್ನು ತೋರಿಸತೊಡಗಿತು. ಒಳಗೆ ಹೊಕ್ಕವನು, ದಾಟಿದವನು ಒಂದು ಎಲ್ಲೆಯನ್ನು ಮುಟ್ಟಿದವನಷ್ಟೆ? ಮುಗಿದ ಕೆಲಸವು ಈ ಕ್ಷಣದಲ್ಲಿ ನಡೆಯುತ್ತಿರಲಾರದು. ಆದುದರಿಂದ ‘ಪಿಶು’ ಎಂದರೆ ಬರೆಯುತ್ತಿದ್ದೇನೆ, ‘ನಪಿಶು’ ಎಂದರೆ ಮುಂದೆ ಬರೆದು ಮುಗಿಸುವೆನು!

ಕನ್ನಡವು ಇದನ್ನೇ ಬಾಲದ ಕಡೆಯಿಂದ ಸಾಧಿಸುತ್ತದೆ. ಬರೆದುಬಿಡು, ಬರೆದಿಡು, ಬರೆದುಹಾಕು. ಅವರ ‘ನ’ದಲ್ಲಿ ‘ಮೇಲೆ’ ಎಂಬುದು ಮಾಸಿದಂತೆ ನಮ್ಮ ‘ಬಿಡು’ವಿನಲ್ಲಿ ಬಿಡುವುದೆಂಬುದು ಮಾಸಿದೆ.

ಇಷ್ಟನ್ನೂ ಮಂಚದ ಬಳಿ ಕುಳಿತು ವಿವರಿಸಿ, ತಪ್ಪು ನನ್ನದೆಂದು ಒಪ್ಪಿಕೊಂಡೆನು. “ಹಾಗಾದರೆ ಮಗು ಬರೆಯುತ್ತಿತ್ತು, ಅಷ್ಟು ಹೇಳಲು ಇಷ್ಟು ಹೊತ್ತೇ?” ಎಂದಳು. ಆದರೂ ಆ ರಾತ್ರಿ ಎರಡು ತುತ್ತು ಹೆಚ್ಚಾಗಿ ಉಂಡಳು.

ಮುಂದಿನ ಭಾನುವಾರ ಮೊಮ್ಮಗಳು ಕೂಗಿದಳು: “ಅಜ್ಜೀ, ಕಾಗದ ನಬರೆದೆ!” ನನಗೆ ರೋಮಾಂಚವಾಯಿತು. ಕನ್ನಡದ ಧಾತುವಿಗೆ ರಷ್ಯನ್ ಉಪಸರ್ಗ! ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯಾಕೆಯೆಂದಳು: “‘ನಾ ಬರೆದೆ’ ಅನ್ನುತ್ತಿದೆ ಮಗು. ಇದಕ್ಕೂ ನಿಮ್ಮ ವ್ಯಾಕರಣ ಬೇಕೆ?”

ಕಾಗದವು ಮೊನ್ನೆ ಬಂದು ಸೇರಿತು. ಒಳಗಿರುವುದೆಲ್ಲ ರಷ್ಯನ್; ಕೆಳಗಿನ ರುಜು ಮಾತ್ರ ಕನ್ನಡದಲ್ಲಿದೆ.