ಕಾಶೀಯಾತ್ರೆಯ ಕಾರ್ಡು

ಜಯನಗರದ ಆ ಮನೆಗೆ ಕಾರ್ಡು ಬಂದದ್ದು ಒಂದು ಕಪ್ಪು ಪೆಟ್ಟಿಗೆಯಲ್ಲಿ. ಪೆಟ್ಟಿಗೆಯೊಳಗೆ ಮಖಮಲ್ಲಿನ ಹಾಸು, ಹಾಸಿನ ಮೇಲೆ ಕಾರ್ಡು. ಮದುವೆಮನೆಯವರು ಮಾಂಗಲ್ಯವನ್ನು ಕೂಡ ಅಷ್ಟು ಸಂಭ್ರಮದಿಂದ ಇಟ್ಟುಕೊಡುವುದಿಲ್ಲ. ಯಜಮಾನರು ಅದನ್ನು ಎರಡು ಬೆರಳುಗಳ ನಡುವೆ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಮೂಲೆಯ ಕುರ್ಚಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅವರ ತಾಯಿ ಕನ್ನಡಕವನ್ನು ಮೇಲಕ್ಕೇರಿಸಿಕೊಂಡು, “ಏನೋ ಅದು, ರೇಷನ್ ಕಾರ್ಡೆ?” ಎಂದು ಕೇಳಿದರು.

“ಅಲ್ಲಮ್ಮ. ಇದು ನಿನ್ನ ಕಾಶೀಯಾತ್ರೆಯ ಕಾರ್ಡು.”

ಆಕೆಗೆ ಆಗ 78 ವರ್ಷ. ಮಗನಿಗೆ 54. ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಅವರಿಗೆ ಮೇಲಧಿಕಾರಿಯ ಹುದ್ದೆ. ವರ್ಷಕ್ಕೆ ಏಳೆಂಟು ಬಾರಿ ಕಂಪನಿಯ ಖರ್ಚಿನಲ್ಲಿ ದೆಹಲಿಗೆ ಹೋಗಿ ಬರುವ ಕೆಲಸ. 2022ರ ಅಕ್ಟೋಬರಿನಲ್ಲಿ ಅಂಥದೊಂದು ಪ್ರಯಾಣದ ನಡುವೆ, ವಿಮಾನನಿಲ್ದಾಣದಲ್ಲಿ ಕಂಠಕೌಪೀನ ಕಟ್ಟಿಕೊಂಡ ತರುಣನೊಬ್ಬನು ಅವರನ್ನು ತಡೆದು, ವಿಮಾನ ಸಂಸ್ಥೆಯೊಂದೂ ಬ್ಯಾಂಕೊಂದೂ ಜೊತೆಗೂಡಿ ಕೊಡುವ ಈ ಉನ್ನತ ದರ್ಜೆಯ ಕಾರ್ಡಿನ ಮಹಿಮೆಯನ್ನು ವರ್ಣಿಸಿದನು. ವರ್ಷಕ್ಕೆ ಶುಲ್ಕ 10,000 ರೂಪಾಯಿ. ಅದಕ್ಕೆ ಪ್ರತಿಯಾಗಿ ಪ್ರತಿವರ್ಷವೂ ಬಿಸಿನೆಸ್ ಕ್ಲಾಸಿನ ಒಂದು ಟಿಕೆಟ್ಟು ಉಚಿತ. ಲೌಂಜಿನಲ್ಲಿ ಊಟ ಉಪಚಾರ. ಹೆಚ್ಚಿಗೆ 5 ಕಿಲೋ ಸಾಮಾನು. ಖರ್ಚು ಮಾಡಿದ ಪ್ರತಿ 200 ರೂಪಾಯಿಗೆ 4 ಪಾಯಿಂಟು. ಯಜಮಾನರು ಇತರರ ಮಾತಿಗೆ ಸುಲಭವಾಗಿ ಮರುಳಾಗುವವರಲ್ಲ. ಆದರೆ ಅಗಲವಾದ ಮುಂದಿನ ಆಸನದಲ್ಲಿ ಕಾಲು ನೀಡಿ ಕುಳಿತ ತಮ್ಮ ತಾಯಿಯ ಚಿತ್ರ ಒಮ್ಮೆ ಕಣ್ಣಿಗೆ ಕಟ್ಟಿದ ಮೇಲೆ ಮಿಕ್ಕ ಲೆಕ್ಕವನ್ನು ಅವರು ಕೇಳಲಿಲ್ಲ.

ಲೆಕ್ಕ ಕೇಳಿದವರು ಅವರ ಪತ್ನಿ. ಆಕೆ ಮದುವೆಯಾಗಿ ಬಂದಂದಿನಿಂದ ಮನೆಯ ಖರ್ಚಿನ ಪುಸ್ತಕವನ್ನು ತಪ್ಪದೆ ಬರೆದವರು. ಕಾರ್ಡು ಬಂದ ರಾತ್ರಿಯೇ ಹೊಸ ಪುಟ ತೆರೆದು ನಡುವೆ ಗೆರೆ ಎಳೆದು, ಎಡಕ್ಕೆ ‘ಕೊಟ್ಟದ್ದು’, ಬಲಕ್ಕೆ ‘ಬಂದದ್ದು’ ಎಂದು ಬರೆದರು. ಎಡಗಡೆಯ ಮೊದಲ ಸಾಲೇ 10,000 ಆಗದೆ 11,800 ಆಯಿತು. ಶುಲ್ಕದ ಮೇಲೆ ನೂರಕ್ಕೆ 18ರ ಜಿಎಸ್‌ಟಿಯ ಸಂಗತಿಯನ್ನು ತರುಣನು ವರ್ಣನೆಯ ಭರದಲ್ಲಿ ಮರೆತಿದ್ದನೆಂದು ಕಾಣುತ್ತದೆ. ಬಲಗಡೆಗೆ ಆಕೆ ಒಂದೇ ಒಂದು ನಿಯಮವನ್ನು ಇಟ್ಟುಕೊಂಡರು: ಈ ಕಾರ್ಡು ಇಲ್ಲದಿದ್ದರೆ ಮನೆಯ ದುಡ್ಡಿನಲ್ಲಿ ಎಷ್ಟು ಖರ್ಚಾಗುತ್ತಿತ್ತೋ ಅಷ್ಟೇ ಲಾಭ, ಒಂದು ಕಾಸೂ ಹೆಚ್ಚಲ್ಲ.

ನಿಯಮ ಸಣ್ಣದು, ಆದರೆ ಯಜಮಾನರಿಗೂ ಆಕೆಗೂ ಮೂರು ವರ್ಷ ನಡೆದ ವಾದವೆಲ್ಲ ಇದರ ಮೇಲೆಯೇ. 2023ರ ಆರಂಭದಲ್ಲಿ ಮುಂಬಯಿಯಲ್ಲಿ ಒಂದು ಮದುವೆ. ಉಚಿತ ಟಿಕೆಟ್ಟು ಒಬ್ಬರಿಗೆ, ಅದೂ ಹೋಗುವುದಕ್ಕೆ ಮಾತ್ರ. ಗಂಡ ಹೆಂಡತಿ ಇಬ್ಬರಲ್ಲಿ ಯಾರು ಮುಂದೆ? ಯಜಮಾನರು ಔದಾರ್ಯದಿಂದ ಪತ್ನಿಯನ್ನೇ ಮುಂದೆ ಕೂರಿಸಿ ತಾವು 23ನೆಯ ಸಾಲಿಗೆ ನಡೆದರು. ಆಕೆಗೆ ಬಿಸಿ ಟವೆಲು, ಪಿಂಗಾಣಿಯ ಬಟ್ಟಲಲ್ಲಿ ಗೋಡಂಬಿ. ನಡುವೆ ಒಂದು ಪರದೆ. ಗೋಡಂಬಿಯಲ್ಲಿ ಅರ್ಧವನ್ನು ಕಾಗದದ ಕರವಸ್ತ್ರದಲ್ಲಿ ಕಟ್ಟಿ ಆಕೆ ಕೈಚೀಲಕ್ಕೆ ಹಾಕಿಕೊಂಡರೆಂಬುದು ಇಳಿದ ಮೇಲೆ ಬಯಲಾಯಿತು. “ಆ ಆಸನದ ಬೆಲೆ 20,000 ಕಣೇ! ಎರಡು ವರ್ಷದ ಶುಲ್ಕ ಒಂದೇ ದಿನದಲ್ಲಿ ಹುಟ್ಟಿತು” ಎಂದು ಯಜಮಾನರು ಹಿಗ್ಗಿದರು. “20,000 ಕೊಟ್ಟು ನೀವು ಎಂದಾದರೂ ನನ್ನನ್ನು ಅಲ್ಲಿ ಕೂರಿಸುತ್ತಿದ್ದಿರೇನ್ರೀ?” ಎಂದು ಆಕೆ ಕೇಳಿದರು. ಹಿಂದಿನ ಸಾಲಿನ ದರ 5,500. ಉಚಿತವೆಂದರೂ ತೆರಿಗೆ, ನಿಲ್ದಾಣದ ಶುಲ್ಕ ಎಂದು 1,500 ಕೈಯಿಂದಲೇ ಹೋಗಿತ್ತು. ‘ಬಂದದ್ದು: 4,000’ ಎಂದು ಬರೆದರು. ಗೋಡಂಬಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆಕೆ ತಮ್ಮ ವಿಷಯದಲ್ಲಿಯೂ ಇಷ್ಟೇ ಕಠಿಣ. ಮಗಳು ದೆಹಲಿಯಲ್ಲಿ ಓದುತ್ತಿದ್ದಳು. ವರ್ಷಕ್ಕೆ ಎರಡು ಸಲವಾದರೂ ಯಜಮಾನರ ಸಾಮಾನಿನಲ್ಲಿ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಚಟ್ನಿಪುಡಿಗಳ ಐದು ಕಿಲೋ ಗಂಟು ಆ ಹೆಚ್ಚಿನ ಹಕ್ಕಿನ ಬಲದ ಮೇಲೆಯೇ ಹೋಗುತ್ತಿತ್ತು. ವಿಮಾನದವರು ಹೆಚ್ಚಿನ ತೂಕಕ್ಕೆ ಕಿಲೋ ಒಂದಕ್ಕೆ ಕೇಳುವ ದರದಲ್ಲಿ ಹಿಡಿದರೆ ಸಾವಿರಾರು ರೂಪಾಯಿ. ಆದರೆ ಕೊರಿಯರಿನವನು ಅದೇ ಗಂಟನ್ನು ಕಿಲೋಗೆ ನೂರು ರೂಪಾಯಿಗೆ ಒಯ್ಯುತ್ತಿದ್ದನಲ್ಲ? ವರ್ಷಕ್ಕೆ 1,000 ಎಂದೇ ಬರೆದರು. ಲೌಂಜಿನ ಬಾಗಿಲಲ್ಲಿ ಕಾರ್ಡು ಉಜ್ಜಿ 2 ರೂಪಾಯಿ ಕಳೆದು ಒಳಗೆ ಬಿಡುತ್ತಾರೆ. ಒಳಗೆ ಇಡ್ಲಿ, ಪೂರಿ, ಬಿಸಿಬೇಳೆಭಾತು. ಆದರೆ ಯಜಮಾನರು ಮನೆಯಲ್ಲಿ ಉಪ್ಪಿಟ್ಟು ತಿಂದೇ ಹೊರಡುವವರು; ಹೊರಗಿನ ಊಟಕ್ಕೆ ಕಂಪನಿಯೂ ಭತ್ಯ ಕೊಡುತ್ತದೆ. ಹಾಗಿದ್ದೂ ಮೂರು ವರ್ಷಕ್ಕೆ 1,800 ರೂಪಾಯಿಯನ್ನು ಆಕೆ ದಾಕ್ಷಿಣ್ಯಕ್ಕೆ ಸೇರಿಸಿದರು. ಡಿಸೆಂಬರಿನ ಮಂಜಿನಲ್ಲಿ ದೆಹಲಿಯಲ್ಲಿ ವಿಮಾನ ಏಳು ಗಂಟೆ ತಡವಾದ ರಾತ್ರಿ, ಹೊರಗಿನ ಜನ ನೆಲದ ಮೇಲೆ ಮಲಗಿದ್ದಾಗ ತಮಗೆ ಮೆತ್ತನೆಯ ಕುರ್ಚಿ ಸಿಕ್ಕಿದ್ದನ್ನು ಯಜಮಾನರು ನೆನಪಿಸಿದ್ದರಿಂದ ಆ ದಾಕ್ಷಿಣ್ಯ.

ಪುಕ್ಕಟೆಯಾಗಿ ಕೊಡುವ ಈ ಪಾಯಿಂಟುಗಳಿಗೆ ಹಣ ಎಲ್ಲಿಂದ ಬರುತ್ತದೆ? ಗುಟ್ಟೇನೂ ಇಲ್ಲ. ಗಿರಾಕಿ ಕಾರ್ಡು ಉಜ್ಜಿದಾಗಲೆಲ್ಲ ಅಂಗಡಿಯವನು ಬ್ಯಾಂಕಿನ ಕಡೆಗೆ ಒಂದು ಪಾಲು ತೆರುತ್ತಾನೆ. ಆ ಪಾಲಿನಿಂದ ಬ್ಯಾಂಕು ವಿಮಾನ ಸಂಸ್ಥೆಯ ಪಾಯಿಂಟುಗಳನ್ನು ಸಗಟಾಗಿ ಕೊಳ್ಳುತ್ತದೆ. ವಿಮಾನ ಸಂಸ್ಥೆಗೆ ಇಂದೇ ನಗದು. ಗಿರಾಕಿಗೆ ಮುಂದೆಂದೋ ಒಂದು ಆಸನ. ಅಮೆರಿಕದ ವಿಮಾನ ಸಂಸ್ಥೆಗಳು 1936ರಲ್ಲಿಯೇ ಏರ್ ಟ್ರಾವೆಲ್ ಕಾರ್ಡನ್ನು ಹೊರಡಿಸಿದ್ದುವು. ಆಗ 425 ಡಾಲರು ಠೇವಣಿ ಇಟ್ಟವರಿಗೆ ಟಿಕೆಟ್ಟಿನ ದರದಲ್ಲಿ ನೂರಕ್ಕೆ 15 ಸೋಡಿ. ಅದು ನೇರವಾದ ವ್ಯಾಪಾರ. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಎಅಡ್ವಾಂಟೇಜ್’ ಎಂಬ ಮೈಲಿಗಳ ಯೋಜನೆಯನ್ನು ಆರಂಭಿಸಿದ ಮೇಲೆ ವ್ಯಾಪಾರ ಸುತ್ತುಬಳಸಾಯಿತು. ಎಷ್ಟರಮಟ್ಟಿಗೆಂದರೆ, 2020ರಲ್ಲಿ ಸೋಂಕಿನ ದೆಸೆಯಿಂದ ವಿಮಾನಗಳು ನೆಲ ಹಿಡಿದು ಕುಳಿತಾಗ ಯುನೈಟೆಡ್ ಸಂಸ್ಥೆ ಸಾಲಕ್ಕಾಗಿ ಅಡವಿಟ್ಟದ್ದು ತನ್ನ ಮೈಲಿಗಳ ಯೋಜನೆಯನ್ನು. ಡೆಲ್ಟಾ ಸಂಸ್ಥೆಗೆ 2023ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ಸಿನ ಕಾರ್ಡುಗಳ ಕಡೆಯಿಂದ ಬಂದ ಹಣ ಸುಮಾರು 680 ಕೋಟಿ ಡಾಲರು. ಮೂಗಿಗಿಂತ ಮೂಗುತಿ ಭಾರವೆಂದರೆ ಇದೇ.

ಬೆಂಗಳೂರಿನವರಿಗೆ ಈ ಪಾಠ ಹೊಸದೇನೂ ಅಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ವಿಮಾನಗಳನ್ನು ಹಾರಿಸಿದಾಗ, ಊಟವಿಲ್ಲ ಉಪಚಾರವಿಲ್ಲ, ಆಸನ ಮಾತ್ರ ಎಂಬುದೇ ಅವರ ಸೂತ್ರವಾಗಿತ್ತು. ಕೆಲವು ಆಸನಗಳನ್ನು 1 ರೂಪಾಯಿಗೂ ಮಾರಿದರು. ಅದನ್ನು ಕೊಂಡುಕೊಂಡದ್ದು ವೈಭೋಗಕ್ಕೆ ಹೆಸರಾದ ಕಿಂಗ್‌ಫಿಷರ್. ಅದರ ಹಾರಾಟ 2012ರಲ್ಲಿ ನಿಂತಾಗ ಜನರು ಕೂಡಿಸಿಟ್ಟಿದ್ದ ಮೈಲಿಗಳಿಗೆ ಹಾರಲು ವಿಮಾನವೇ ಇರಲಿಲ್ಲ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸೂ ನಿಂತಿತು. ಇವೆಲ್ಲ ಯಜಮಾನರಿಗೆ ತಿಳಿದಿದ್ದ ಸಂಗತಿಗಳೇ. ತಿಳಿದಿರುವುದು ಬೇರೆ, ತನ್ನ ಕಾರ್ಡಿನ ವಿಷಯದಲ್ಲಿ ನಂಬುವುದು ಬೇರೆ.

ಅವರು ಪಾಯಿಂಟಿನ ಸಲುವಾಗಿ ಖರ್ಚು ಮಾಡುವುದನ್ನು ಕಲಿತರು. ಚಿಕ್ಕಪೇಟೆಯ ಅಂಗಡಿಯಲ್ಲಿ ಒಂದು ಲಕ್ಷ ರೂಪಾಯಿಯ ಜವಳಿ ಕೊಂಡ ದಿನ, “ಕಾರ್ಡಾದರೆ ನೂರಕ್ಕೆ ಎರಡು ಜಾಸ್ತಿ ಆಗುತ್ತೆ, ಸಾರ್” ಎಂದು ಅಂಗಡಿಯವನು ಹೇಳಿದರೂ ಕಾರ್ಡನ್ನೇ ಮುಂದೆ ಮಾಡಿದರು. ಹೆಚ್ಚಿಗೆ ತೆತ್ತದ್ದು 2,000 ರೂಪಾಯಿ. ಬಂದದ್ದು 2,000 ಪಾಯಿಂಟು. ಒಂದು ಪಾಯಿಂಟಿಗೆ ಅರ್ಧ ರೂಪಾಯಿಗಿಂತ ಹೆಚ್ಚು ಬೆಲೆ ಬಾಳುವುದಿಲ್ಲವೆಂದು ಪತ್ನಿ ಹಿಂದೆಯೇ ಲೆಕ್ಕ ಹಾಕಿ ಇಟ್ಟಿದ್ದರು. ಹಾಗೆ ನೋಡಿದರೆ ಆ ಜವಳಿಯ ದಿನ ಸಾವಿರ ರೂಪಾಯಿ ಕೈಯಿಂದ ಬಿಟ್ಟಂತೆ.

ಆದರೆ ಎಲ್ಲಕ್ಕಿಂತ ದೊಡ್ಡದು ಫ್ರಿಜ್ಜಿನ ಪ್ರಕರಣ. 2023ರ ನವೆಂಬರಿನಲ್ಲಿ ಎರಡನೆಯ ಶುಲ್ಕಕ್ಕೆ ಸಿಕ್ಕ ಟಿಕೆಟ್ಟಿಗೆ ಆರು ತಿಂಗಳ ಅವಧಿ. ಅದು ತಾಯಿಗೆ. ಆದರೆ ಆಕೆಯೊಬ್ಬರನ್ನೇ ಪರದೆಯ ಆಚೆ ಕೂರಿಸುವುದು ಹೇಗೆ? ಜನ್ಮದಲ್ಲಿ ವಿಮಾನ ಹತ್ತದ ಮುದುಕಿ. ಪಕ್ಕದ ಆಸನಕ್ಕೆ ಹಣ ಕೊಡೋಣವೆಂದರೆ ಉಚಿತದ ರುಚಿ ಕೆಡುತ್ತದೆ. ಹೀಗೆ ಮೀನಮೇಷ ಎಣಿಸುತ್ತಿರುವಷ್ಟರಲ್ಲಿ ಅವಧಿ ಮುಗಿಯಿತು. ವರ್ಷಕ್ಕೆ ಎರಡೂವರೆ ಲಕ್ಷ ಖರ್ಚು ಮಾಡಿದವರಿಗೆ ಇನ್ನೊಂದು ಟಿಕೆಟ್ಟು ಉಚಿತವೆಂಬ ಷರತ್ತು ಆಗ ಯಜಮಾನರ ಕಣ್ಣಿಗೆ ಬಿತ್ತು. ವಿಮೆಯ ಕಂತು, ಪೆಟ್ರೋಲು ಲೆಕ್ಕಕ್ಕಿಲ್ಲ. 2024ರ ಅಕ್ಟೋಬರಿನಲ್ಲಿ, ವರ್ಷ ತುಂಬಲು ಹದಿನೈದು ದಿನ ಉಳಿದಿರುವಾಗ, 31,000 ಕಡಿಮೆ ಬಿತ್ತು. ಮರುದಿನ ಮನೆಗೆ 34,000ದ ಹೊಸ ಫ್ರಿಜ್ಜು ಬಂದಿತು. ಕೆಡದೆ ಇದ್ದ ಹಳೆಯದು ವರಾಂಡಕ್ಕೆ ಹೋಗಿ, ಇಂದಿಗೂ ಅಲ್ಲಿ ಹಳೆಯ ಪತ್ರಿಕೆಗಳನ್ನು ಕಾಪಾಡುತ್ತಿದೆ. ಪತ್ನಿ ಏನೂ ಅನ್ನಲಿಲ್ಲ. 34,000ವನ್ನು ಯಾವ ಕಡೆಗೆ ಬರೆಯಬೇಕೆಂದು ತೋಚದೆ ಪುಟದ ಅಡಿಯಲ್ಲಿ ಬರೆದು ಸುತ್ತ ಚೌಕ ಹಾಕಿದರು.

ನವೆಂಬರಿನಲ್ಲಿ ಮೂರನೆಯ ಶುಲ್ಕ. ಈಗ ಎರಡು ಟಿಕೆಟ್ಟುಗಳು ಕೂಡಿದುವು. ಯಜಮಾನರ ಉತ್ಸಾಹಕ್ಕೆ ಪಾರವಿಲ್ಲ. ಆದರೆ ಉಚಿತ ಟಿಕೆಟ್ಟಿನವರಿಗೆಂದು ಮುಂದಿನ ಭಾಗದಲ್ಲಿ ಬಿಟ್ಟುಕೊಡುವ ಆಸನಗಳು ಒಂದೋ ಎರಡೋ. ಡಿಸೆಂಬರಿನವು ಆಗಲೇ ಮುಗಿದಿದ್ದುವು. ಜನವರಿ 13ರಿಂದ ಫೆಬ್ರವರಿ 26ರ ವರೆಗೆ ಪ್ರಯಾಗದಲ್ಲಿ ಮಹಾಕುಂಭ. ಅಲ್ಲಿಂದ ಜನಸಾಗರ ಕಾಶಿಗೂ ಹರಿಯುತ್ತಿದ್ದಾಗ ವಯಸ್ಸಾದವರನ್ನು ಕರೆದೊಯ್ಯುವ ಮಾತೇ ಇಲ್ಲ. ಮಾರ್ಚಿನಲ್ಲಿ ದೆಹಲಿಯ ತನಕ ಆಸನ ದೊರೆಯಿತು, ಅಲ್ಲಿಂದ ಮುಂದಕ್ಕೆ ದೊರೆಯಲಿಲ್ಲ. ಆ ಸಂಸ್ಥೆಯ ವಿಮಾನದಲ್ಲಿ ಕಾಶಿಗೆ ಹೋಗಬೇಕಾದರೆ ದೆಹಲಿಯಲ್ಲಿ ಇಳಿದು, ನಾಲ್ಕು ಗಂಟೆ ಕಾದು, ಬೇರೆ ವಿಮಾನ ಹತ್ತಬೇಕು. “ಕಾಶಿಗೆ ಹೋಗುವವರು ದೆಹಲಿಯಲ್ಲಿ ಯಾಕೋ ಇಳಿಯಬೇಕು?” ಎಂದು ತಾಯಿ ಒಮ್ಮೆ ಕೇಳಿದರು. ಏಪ್ರಿಲಿನಲ್ಲಿ ಒಂದು ಟಿಕೆಟ್ಟು ಸತ್ತಿತು, ಮೇ ತಿಂಗಳಲ್ಲಿ ಇನ್ನೊಂದು.

ಈ ಮಧ್ಯೆ ಇನ್ನೊಂದು ಲೆಕ್ಕ ಯಾರ ಪುಸ್ತಕದಲ್ಲಿಯೂ ಬರೆಯದೆ ನಡೆದಿತ್ತು. ಕಾರ್ಡು ಬಂದ ವರ್ಷ ತಾಯಿ ಸಂಜೆಯ ಹೊತ್ತು ದೇವಸ್ಥಾನಕ್ಕೆ ನಡೆದು ಹೋಗಿ ಮೂರು ಪ್ರದಕ್ಷಿಣೆ ಹಾಕಿ ಬರುತ್ತಿದ್ದರು. ಮರುವರ್ಷ ಬೀದಿಯ ತಿರುವಿನ ಹೊಂಗೆಮರದ ವರೆಗೆ. ಮೂರನೆಯ ವರ್ಷ ಗೇಟಿನ ವರೆಗೆ, ಗೋಡೆ ಹಿಡಿದು. ಮಂಡಿಯನ್ನು ನೋಡಿದ ವೈದ್ಯರು, “ಎಲ್ಲಿಗಾದರೂ ಕರೆದುಕೊಂಡು ಹೋಗುವುದಿದ್ದರೆ ಈಗಲೇ ಹೋಗಿಬನ್ನಿ” ಎಂದರು.

ಅಂದು ರಾತ್ರಿ ಪತ್ನಿ ಪುಸ್ತಕ ತೆಗೆದು ಕೂಡಿದರು. ಮುಂಬಯಿಯ ಆಸನ 4,000, ಲೌಂಜು 1,800, ಹಪ್ಪಳ ಸಂಡಿಗೆ 3,000, ಕಾರ್ಡಿನ ಪಾಯಿಂಟುಗಳಿಂದ ದೀಪಾವಳಿಗೆ ಮಗಳನ್ನು ಕರೆಸಿದ್ದು 9,000. ಒಟ್ಟು 17,800. ಎಡಗಡೆ ಮೂರು ಶುಲ್ಕಗಳು 35,400; ಚಿಕ್ಕಪೇಟೆಯ 2,000; ಒಟ್ಟು 37,400. ಚೌಕದೊಳಗಿನ ಫ್ರಿಜ್ಜು ಬೇರೆ. ಒಂದು ತಿಂಗಳೂ ಬಾಕಿ ಉಳಿಸದ ಮನೆಯಾದ್ದರಿಂದ ಇಷ್ಟಕ್ಕೇ ನಿಂತಿತು. ಬಾಕಿ ಉಳಿಸಿದವರಿಗೆ ತಿಂಗಳಿಗೇ ನೂರಕ್ಕೆ ಮೂರೂವರೆಯಷ್ಟು ಬಡ್ಡಿ ಬೀಳುತ್ತದೆ, ಅದೂ ಕೊಂಡ ದಿನದಿಂದ. ಹೇಗೂ ತಮ್ಮ ಹಣ ಕೊಟ್ಟೇ ಮುಂದಿನ ಆಸನಗಳಲ್ಲಿ ಕೂರುವ ಶ್ರೀಮಂತರಿಗೆ, ತಿಂಗಳು ತಿಂಗಳು ಹಾರುವ ವ್ಯಾಪಾರಸ್ಥರಿಗೆ ಇದೇ ಕಾರ್ಡು ಶುಲ್ಕದ ಎರಡರಷ್ಟನ್ನು ಹಿಂದಿರುಗಿಸೀತು, ಅದನ್ನು ಸುಳ್ಳೆನ್ನಲಾಗದು. ಈ ಮನೆ ಅಂಥದಲ್ಲ.

ಯಜಮಾನರು ಪುಟವನ್ನು ಎರಡು ಸಲ ಓದಿದರು. ಆಮೇಲೆ, “ನೇರವಾದ ವಿಮಾನ ಉಂಟಲ್ಲವೆ?” ಎಂದು ಮೆಲ್ಲನೆ ಕೇಳಿದರು. ಉಂಟು, ಬೆಂಗಳೂರಿನಿಂದ ಕಾಶಿಗೆ ಎರಡೂವರೆ ಗಂಟೆಯ ಹಾದಿ, ಬೇರೆ ಸಂಸ್ಥೆಯದು, ಪರದೆಯಿಲ್ಲದ್ದು. ಮೂವರಿಗೆ ಹೋಗಿಬರಲು 38,700 ರೂಪಾಯಿ. ಪತ್ನಿ ಆ ಮೊತ್ತವನ್ನು ಅದೇ ಪುಟದಲ್ಲಿ, ಮೂರು ಶುಲ್ಕಗಳ ಎದುರಿಗೇ ಬರೆದರು. ಗಾಲಿಕುರ್ಚಿ ಬೇಕೆಂದು ಮೊದಲೇ ತಿಳಿಸಿದರೆ ಯಾವ ಕಾರ್ಡೂ ಇಲ್ಲದವರಿಗೂ ಕೊಡುತ್ತಾರೆಂದು ತಿಳಿದಾಗ ಯಜಮಾನರಿಗೆ ಸ್ವಲ್ಪ ನಾಚಿಕೆಯೇ ಆಯಿತೆನ್ನಬೇಕು.

2025ರ ನವೆಂಬರು, ಕಾರ್ತಿಕ ಮಾಸ. ನಾಲ್ಕನೆಯ ಶುಲ್ಕಕ್ಕೆ ಇನ್ನೂ ಎರಡು ವಾರವಿತ್ತು. ಕಾರ್ಡನ್ನು ಮುಚ್ಚಬೇಕೆಂಬ ಪತ್ರ ಸಿದ್ಧವಾಗಿತ್ತು. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ಬ್ಯಾಂಕೇ ದಿನಕ್ಕೆ 500 ರೂಪಾಯಿ ತೆರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ಪತ್ನಿ ಕಂಡುಹಿಡಿದಿಟ್ಟಿದ್ದರು. ಹಿಂದಿರುಗಿದ ಮೇಲೆ ಕಳುಹಿಸುವುದೆಂದು ನಿಶ್ಚಯ.

ತಾಯಿಗೆ ಕಿಟಕಿಯ ಪಕ್ಕ. ಮಂಡಿಯನ್ನು ಚಾಚಲು ಸ್ಥಳವಿರಲಿಲ್ಲ. ಮಗ ತನ್ನ ಕಾಲನ್ನು ಹಿಂದಕ್ಕೆಳೆದುಕೊಂಡು ಅಷ್ಟು ಜಾಗ ಮಾಡಿಕೊಟ್ಟರು. ಬಹಳ ಹೊತ್ತಿನ ಮೇಲೆ ಕೆಳಗೆ ಬೆಳ್ಳಿಯ ಗೆರೆಯಂತೆ ಒಂದು ನದಿ ಕಂಡಿತು. ಕೃಷ್ಣೆಯೋ ಗೋದಾವರಿಯೋ ಯಜಮಾನರಿಗೆ ತಿಳಿಯದು. ಯಾವುದಾದರೇನೆಂದು ಆಕೆ ಗಾಜಿಗೆ ಹಣೆ ತಾಗಿಸಿ ಕೈ ಮುಗಿದರು. ಮನೆಯಿಂದ ತಂದ ಒಗ್ಗರಣೆಯ ಅವಲಕ್ಕಿಯ ಡಬ್ಬಿ ಬಿಚ್ಚಿದರು. ತಿಂಡಿಯ ಗಾಡಿ ತಳ್ಳಿಕೊಂಡು ಬಂದ ಹುಡುಗಿಯಿಂದ ಮಗ ಎರಡು ಲೋಟ ಚಹಾ ಕೊಂಡು, ಚಿಲ್ಲರೆ ಇಲ್ಲದೆ ಜೇಬಿನಿಂದ ಕಪ್ಪು ಕಾರ್ಡನ್ನು ತೆಗೆದರು.

ಅವಲಕ್ಕಿಯ ಕೈಯನ್ನು ಹಾಗೆಯೇ ಹಿಡಿದುಕೊಂಡು ತಾಯಿ ಅದನ್ನು ನೋಡಿದರು.

“ಇದೇ ಅಲ್ಲವೇನೋ, ಆ ಕಾಶೀಯಾತ್ರೆಯ ಕಾರ್ಡು?”

“ಹೌದಮ್ಮ” ಎಂದರು ಯಜಮಾನರು.